ಹೆಸರು ಯಾರದು, ಹಾಡು ಯಾರದು: ಉತ್ಸವದ ವೇದಿಕೆಯ ಹಿಂದಿನ ಲೆಕ್ಕ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಯಾವುದಾದರೂ ದೊಡ್ಡ ಉತ್ಸವದ ಕಾರ್ಯಕ್ರಮ ಪಟ್ಟಿ ಹೊರಬಿದ್ದರೆ, ಅದರ ಬೆನ್ನಿಗೇ ಇನ್ನೊಂದು ಸುದ್ದಿ ಬರುತ್ತದೆ: ಸ್ಥಳೀಯ ಕಲಾವಿದರ ಕಡೆಗಣನೆ. ಮುಂಬೈಯಿಂದಲೋ ಬೆಂಗಳೂರಿನಿಂದಲೋ ಬರುವ ಸಿನಿಮಾ ಗಾಯಕರಿಗೆ ಲಕ್ಷಗಳಲ್ಲಿ ಸಂಭಾವನೆ, ಇಲ್ಲಿಯ ತತ್ವಪದಕಾರರಿಗೆ, ಗೀಗಿ ಮೇಳದವರಿಗೆ, ವಚನ ಗಾಯಕರಿಗೆ ಸಾವಿರಗಳಲ್ಲಿ ಗೌರವಧನ ಎಂಬುದು ದೂರು. ಮನವಿ ಪತ್ರ, ಪತ್ರಿಕಾಗೋಷ್ಠಿ, ಆಯೋಜಕರ ಸ್ಪಷ್ಟನೆ ಎಲ್ಲವೂ ಆಗುತ್ತವೆ. ಉತ್ಸವ ಮುಗಿದ ಮೇಲೆ ಮಾತೂ ಮುಗಿಯುತ್ತದೆ.

ಈಚಿನ ವರ್ಷಗಳಲ್ಲಿ ಈ ಜಗಳಕ್ಕೆ ಯೂಟ್ಯೂಬ್ ಕೂಡ ಸೇರಿಕೊಂಡಿದೆ. ಸಿನಿಮಾದ ಗಂಧಗಾಳಿಯಿಲ್ಲದ ಉತ್ತರ ಕರ್ನಾಟಕದ ಹಳ್ಳಿ ಹುಡುಗರ ಜಾನಪದ ಹಾಡುಗಳನ್ನು ಕೋಟಿ ಲೆಕ್ಕದಲ್ಲಿ ಜನ ನೋಡುತ್ತಿದ್ದಾರೆ. ಟ್ರ್ಯಾಕ್ಟರ್‌ನಲ್ಲಿ, ಮದುವೆ ಮೆರವಣಿಗೆಯಲ್ಲಿ, ಜಾತ್ರೆಯ ಡಿಜೆಯಲ್ಲಿ ಕೇಳುವುದು ಅವೇ. ಹಾಗಾಗಿ ಓದುಗರಿಗೆ ಗೊಂದಲ. ಪ್ರತಿಭೆ ಇದ್ದವರಿಗೆ ಹೆಸರು ತಾನಾಗಿ ಬರುವುದಾದರೆ, ಮೂವತ್ತು ವರ್ಷ ಏಕತಾರಿ ಹಿಡಿದು ಹಾಡಿದವರಿಗೆ ಯಾಕೆ ಬರಲಿಲ್ಲ? ಹೆಸರು ಬರೀ ಪ್ರಚಾರದ ಆಟವಾದರೆ, ಪ್ರಚಾರಕ್ಕೆ ಕಾಸೇ ಇಲ್ಲದ ಹುಡುಗನಿಗೆ ಹೇಗೆ ಬಂತು?

ಎರಡು ಕಡೆಯ ವಾದ

ಆಯೋಜಕರ ಕಡೆಯವರ ಮಾತು ನೇರ. “ಜನ ಯಾರಿಗಿ ನೋಡ್ಲಾಕ ಬರ್ತಾರ, ಅವರಿಗೇ ಕರಸಬೇಕಾಗ್ತದ” ಎನ್ನುತ್ತಾರೆ. ಮೈದಾನ ತುಂಬುವುದೂ ಒಂದು ಸಾಮರ್ಥ್ಯ, ಅದಕ್ಕೆ ಬೆಲೆ ಇದೆ ಎಂಬುದು ಇದರ ಒಳಗಿನ ತರ್ಕ. ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. ಐವತ್ತು ಸಾವಿರ ಜನರ ಮುಂದೆ ಎರಡು ತಾಸು ನಿಂತು, ಉಸಿರು ಕೆಡದಂತೆ, ಜನ ಎದ್ದು ಹೋಗದಂತೆ ಹಾಡುವುದು ಸಣ್ಣ ವಿದ್ಯೆಯೇನಲ್ಲ. ಯಾವ ಹಾಡಿನ ನಂತರ ಯಾವುದು, ಎಲ್ಲಿ ಮಾತಾಡಬೇಕು, ಎಲ್ಲಿ ಜನರಿಂದಲೇ ಹಾಡಿಸಬೇಕು ಎಂಬುದನ್ನೆಲ್ಲ ಕಲಿತೇ ಬಂದಿರುತ್ತಾರೆ.

ಕಲಾವಿದರ ಸಂಘಗಳ ವಾದವೂ ಅಷ್ಟೇ ನೇರ. ಹೆಸರು ಎನ್ನುವುದು ಸಿನಿಮಾ, ಟಿವಿ, ಆಡಿಯೊ ಕಂಪನಿಗಳು ಸೇರಿ ಕಟ್ಟಿದ್ದು. ಕಂಠ, ಸಾಹಿತ್ಯ, ಸಾಧನೆಯ ಲೆಕ್ಕ ಹಿಡಿದರೆ ನಮ್ಮ ಹಳ್ಳಿಯವರು ಯಾರಿಗೂ ಕಡಿಮೆಯಿಲ್ಲ. ಇದರಲ್ಲಿ ಸತ್ಯವಿದೆ, ಜೊತೆಗೆ ತುಸು ಉತ್ಪ್ರೇಕ್ಷೆಯೂ ಇದೆ. ಹೆಸರಿಲ್ಲದವರೆಲ್ಲ ಬೂದಿ ಮುಚ್ಚಿದ ಕೆಂಡವಲ್ಲ. ಶ್ರುತಿಗೂ ತಮಗೂ ಸಂಬಂಧವಿಲ್ಲದಂತೆ ಹಾಡುವ ಮೇಳಗಳು ನಮ್ಮಲ್ಲೂ ಇವೆ. ಸ್ಥಳೀಯರು ಎಂಬ ಒಂದೇ ಅರ್ಹತೆಯ ಮೇಲೆ ಪಟ್ಟಿ ಸೇರುವವರೂ ಇದ್ದಾರೆ.

ಎರಡೂ ಕಡೆಯವರು ಒಂದು ವಿಷಯದಲ್ಲಿ ಒಂದೇ ತಪ್ಪು ಮಾಡುತ್ತಾರೆ. ಪ್ರತಿಭೆ ಮತ್ತು ಪ್ರಸಿದ್ಧಿಯ ನಡುವೆ ಸರಳ ರೇಖೆಯೊಂದು ಇರಲೇಬೇಕು ಎಂದುಕೊಳ್ಳುತ್ತಾರೆ. ರೇಖೆ ಇದೆ ಎನ್ನುವವರು ಒಬ್ಬರು, ಯಾರೋ ಅದನ್ನು ಅಳಿಸಿದರು ಎನ್ನುವವರು ಇನ್ನೊಬ್ಬರು.

ಒಂದೇ ಹಾಡು, ಬೇರೆ ಬೇರೆ ಹಣೆಬರಹ

ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದವರಿದ್ದಾರೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಮ್ಯಾಥ್ಯೂ ಸಾಲ್ಗನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ ಎಂಬ ಸಂಶೋಧಕರು ಯಾರಿಗೂ ಗೊತ್ತಿಲ್ಲದ ತಂಡಗಳ 48 ಹಾಡುಗಳನ್ನು ಒಂದು ಜಾಲತಾಣಕ್ಕೆ ಹಾಕಿದರು. ಕೇಳಲು ಬಂದವರು 14,341 ಜನ. ಒಂದು ಗುಂಪಿಗೆ ಹಾಡಿನ ಮತ್ತು ತಂಡದ ಹೆಸರು ಮಾತ್ರ ಕಾಣುತ್ತಿತ್ತು. ಉಳಿದವರನ್ನು ಎಂಟು ಪ್ರತ್ಯೇಕ ‘ಲೋಕ’ಗಳಾಗಿ ಹಂಚಿ, ತಮ್ಮ ಲೋಕದಲ್ಲಿ ಯಾವ ಹಾಡನ್ನು ಎಷ್ಟು ಜನ ಡೌನ್‌ಲೋಡ್ ಮಾಡಿಕೊಂಡಿದ್ದಾರೆ ಎಂಬ ಸಂಖ್ಯೆಯನ್ನೂ ತೋರಿಸಲಾಯಿತು. ಎಲ್ಲ ಲೋಕಗಳೂ ಶೂನ್ಯದಿಂದಲೇ ಆರಂಭವಾದವು. ಫಲಿತಾಂಶ 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಸಂಖ್ಯೆ ಕಾಣುವ ಕಡೆ ಗೆದ್ದ ಹಾಡು ಬಹಳ ದೊಡ್ಡದಾಗಿ ಗೆದ್ದಿತು, ಸೋತದ್ದು ಬಹಳ ಕೆಳಗೆ ಬಿತ್ತು. ಅದಕ್ಕಿಂತ ಮುಖ್ಯವಾಗಿ, ಯಾವ ಹಾಡು ಗೆಲ್ಲುತ್ತದೆ ಎಂಬುದು ಲೋಕದಿಂದ ಲೋಕಕ್ಕೆ ಬದಲಾಯಿತು. ಸಂಖ್ಯೆ ಕಾಣದ ಗುಂಪಿನಲ್ಲಿ 26ನೇ ಸ್ಥಾನದಲ್ಲಿದ್ದ, ಅಂದರೆ ಸಾಧಾರಣ ಎನಿಸಿಕೊಂಡ ಒಂದು ಹಾಡು ಒಂದು ಲೋಕದಲ್ಲಿ ಮೊದಲ ಸ್ಥಾನಕ್ಕೆ ಏರಿತು, ಇನ್ನೊಂದರಲ್ಲಿ 40ಕ್ಕೆ ಇಳಿಯಿತು. ಹಾಡು ಅದೇ, ಹಾಡಿದವರೂ ಅವರೇ. ಬೇರೆಯಾಗಿದ್ದು ಮೊದಮೊದಲು ಬಂದ ಕೆಲವರು ಏನನ್ನು ಆರಿಸಿಕೊಂಡರು ಎಂಬುದಷ್ಟೇ.

ಆದರೆ ಎಲ್ಲವೂ ಜೂಜಾಗಲಿಲ್ಲ. ತೀರಾ ಒಳ್ಳೆಯ ಹಾಡುಗಳು ಪೂರ್ತಿ ನೆಲ ಕಚ್ಚಿದ್ದು ಅಪರೂಪ, ತೀರಾ ಕಳಪೆ ಹಾಡುಗಳು ಮೇಲೆ ಬಂದಿದ್ದೂ ಅಪರೂಪ. ನಡುವಿನ ದೊಡ್ಡ ರಾಶಿಯಲ್ಲಿ ಯಾವುದು ಬೇಕಾದರೂ ಏನು ಬೇಕಾದರೂ ಆಗಬಹುದಿತ್ತು. ಹಾಗೆಂದರೆ ಪ್ರತಿಭೆ ಹೊಸಿಲು ದಾಟಿಸುತ್ತದೆ. ದಾಟಿದ ಮೇಲೆ ಎಷ್ಟು ದೂರ ಹೋಗುತ್ತೀರಿ ಎಂಬುದನ್ನು ತೀರ್ಮಾನಿಸುವುದು ಹೆಚ್ಚಾಗಿ ಬೇರೆ ಸಂಗತಿಗಳು.

ಸಂಭಾವನೆಯಲ್ಲಿ ಅಷ್ಟೊಂದು ಅಂತರ ಯಾಕೆ

ಇಬ್ಬರು ಗಾಯಕರ ನಡುವೆ ಕಲೆಯಲ್ಲಿ ಹತ್ತೊಂಬತ್ತು ಇಪ್ಪತ್ತರ ವ್ಯತ್ಯಾಸವಿದ್ದರೆ, ಹಣದಲ್ಲಿ ಒಂದಕ್ಕೆ ನೂರರ ವ್ಯತ್ಯಾಸ ಯಾಕಿರಬೇಕು? ಅರ್ಥಶಾಸ್ತ್ರಜ್ಞ ಶರ್ವಿನ್ ರೋಸೆನ್ 1981ರಲ್ಲಿ ಕೊಟ್ಟ ಉತ್ತರ ತಂತ್ರಜ್ಞಾನದ ಕಡೆ ಬೊಟ್ಟು ಮಾಡುತ್ತದೆ. ಮೈಕು, ಗ್ರಾಮಫೋನ್ ತಟ್ಟೆ, ರೇಡಿಯೊ, ಕ್ಯಾಸೆಟ್ ಬರುವ ಮುಂಚೆ ಒಬ್ಬ ಗಾಯಕ ಎಷ್ಟೇ ದೊಡ್ಡವನಾಗಿದ್ದರೂ ಅವನ ದನಿ ಮುಟ್ಟುವಷ್ಟು ಜನರಿಗೆ ಮಾತ್ರ ಹಾಡಬಲ್ಲವನಾಗಿದ್ದ. ಪಕ್ಕದ ಊರಿನಲ್ಲಿ ಅವನಿಗಿಂತ ತುಸು ಕಡಿಮೆಯವನಿಗೂ ಹೊಟ್ಟೆಪಾಡು ನಡೆಯುತ್ತಿತ್ತು. ಒಂದು ಹಾಡನ್ನು ಹೆಚ್ಚು ಖರ್ಚಿಲ್ಲದೆ ಕೋಟಿ ಜನರಿಗೆ ಮುಟ್ಟಿಸಬಹುದಾದಾಗ, ಎರಡನೆಯವನ ಹಾಡು ಕೇಳುವ ಜರೂರೇ ಇಲ್ಲವಾಯಿತು.

1985ರಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಮೋಶೆ ಆಡ್ಲರ್ ಒಂದು ಹೆಜ್ಜೆ ಮುಂದೆ ಹೋದರು. ಪ್ರತಿಭೆಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲದಿದ್ದರೂ ತಾರೆಯರು ಹುಟ್ಟಬಹುದು ಎಂದರು. ಯಾಕೆಂದರೆ ಹಾಡಿನ ಸುಖ ಕೇಳುವುದರಲ್ಲಿ ಮಾತ್ರ ಇಲ್ಲ, ಅದರ ಬಗ್ಗೆ ನಾಲ್ಕು ಜನರ ಜೊತೆ ಮಾತಾಡುವುದರಲ್ಲೂ ಇದೆ. ಎಲ್ಲರೂ ಬಲ್ಲ ಗಾಯಕನನ್ನು ನಾನೂ ಬಲ್ಲೆನಾದರೆ ಕಟ್ಟೆಯ ಮೇಲೆ ಮಾತಿಗೆ ವಸ್ತು ಸಿಕ್ಕಿತು. ನನಗೊಬ್ಬನಿಗೇ ಗೊತ್ತಿರುವವನ ಬಗ್ಗೆ ಯಾರ ಜೊತೆ ಮಾತಾಡಲಿ? ಹೀಗೆ ಹೆಸರು ಹೆಸರನ್ನು ಬೆಳೆಸುತ್ತದೆ.

ಇದರ ಪರಿಣಾಮವನ್ನು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರ ಅಂಕಿಗಳು ತೋರಿಸುತ್ತವೆ. ಅಮೆರಿಕದ ಸಂಗೀತ ಕಛೇರಿಗಳ ಒಟ್ಟು ಟಿಕೆಟ್ ಆದಾಯದಲ್ಲಿ ಮೇಲ್ತುದಿಯ ಶೇ 1ರಷ್ಟು ಕಲಾವಿದರ ಪಾಲು 1982ರಲ್ಲಿ ಶೇ 26 ಇತ್ತು, 2003ಕ್ಕೆ ಶೇ 56 ಆಯಿತು. ಆ ಇಪ್ಪತ್ತು ವರ್ಷಗಳಲ್ಲಿ ಮೇಲಿನವರ ಕಂಠ ಎರಡು ಪಟ್ಟು ಸುಧಾರಿಸಿತೆಂದು ಯಾರೂ ಹೇಳಲಾರರು.

ಬೀದರ್‌ನಲ್ಲಿ ಎಲ್ಲರೂ ಬಲ್ಲ ಹಾಡು

ಆಡ್ಲರ್ ಮಾತನ್ನು ಬೀದರ್‌ಗೆ ತಂದು ನೋಡಿದರೆ ಆಯೋಜಕರ ನಡೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಮೈದಾನದಲ್ಲಿ ಕುಳಿತವರ ಮನೆಮಾತು ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು, ಲಂಬಾಣಿ, ಹೀಗೆ ಯಾವುದೂ ಇರಬಹುದು. ತತ್ವಪದದ ಒಗಟು ಬಿಡಿಸಲು ಕನ್ನಡದ ಒಳಗಿನ ಒಂದು ಸಂಪ್ರದಾಯವೇ ಗೊತ್ತಿರಬೇಕು. ಅಭಂಗಕ್ಕೆ ಮರಾಠಿ ಬೇಕು, ಕವ್ವಾಲಿಯ ಸೂಕ್ಷ್ಮಕ್ಕೆ ಉರ್ದು ಬೇಕು. ಎಲ್ಲರೂ ಒಟ್ಟಿಗೆ ತುಟಿ ಆಡಿಸಬಲ್ಲ ಹಾಡೆಂದರೆ ಹಿಂದಿ ಸಿನಿಮಾ ಹಾಡು. ಅದು ಉಳಿದವುಗಳಿಗಿಂತ ಚೆನ್ನಾಗಿದೆ ಎಂದಲ್ಲ, ಎಲ್ಲರಿಗೂ ಗೊತ್ತಿದೆ ಎಂದು.

ಹೀಗಾಗಿ ಮುಂಬೈ ಗಾಯಕರನ್ನು ಕರೆಸುವುದರ ಹಿಂದೆ ಬರೀ ಕೀಳರಿಮೆಯನ್ನೋ ಕಮಿಷನ್ನನ್ನೋ ಹುಡುಕುವವರು ಅರ್ಧ ಕಾರಣವನ್ನು ಬಿಟ್ಟುಬಿಡುತ್ತಾರೆ. ಬಹುಭಾಷೆಯ ಊರಿನಲ್ಲಿ ಪ್ರಸಿದ್ಧಿಗೆ ಬೆಲೆ ಇನ್ನೂ ಜಾಸ್ತಿ. ಆದರೆ ಇದೇ ತರ್ಕವನ್ನು ಪ್ರತಿ ವರ್ಷವೂ ಹಿಡಿದು ನಡೆದರೆ, ಒಬ್ಬರ ಹಾಡನ್ನು ಇನ್ನೊಬ್ಬರು ಬಲ್ಲವರಾಗುವ ಸಂದರ್ಭವೇ ಬರುವುದಿಲ್ಲ.

ಸಂಜೆ ನಾಲ್ಕು ಗಂಟೆಯ ಕುರ್ಚಿಗಳು

ನನ್ನ ಲೆಕ್ಕದಲ್ಲಿ ಸಂಭಾವನೆಗಿಂತ ದೊಡ್ಡ ತಕರಾರು ವೇಳೆಯದ್ದು. ಸಾಮಾನ್ಯವಾಗಿ ಇಂಥ ಉತ್ಸವಗಳಲ್ಲಿ ಸ್ಥಳೀಯರಿಗೆ ಸಿಗುವುದು ಮಧ್ಯಾಹ್ನ ಮೂರು, ನಾಲ್ಕರ ಹೊತ್ತು. ನಮ್ಮ ಕಡೆಯ ಬಿಸಿಲು ಹೇಳಬೇಕಾಗಿಲ್ಲ. ಪೆಂಡಾಲಿನಲ್ಲಿ ಸಾಲುಸಾಲು ಪ್ಲಾಸ್ಟಿಕ್ ಕುರ್ಚಿ, ಕುಳಿತವರು ಬೆರಳೆಣಿಕೆಯಷ್ಟು, ಅವರಲ್ಲಿ ಅರ್ಧ ಮುಂದಿನ ತಂಡದವರು. ವೇದಿಕೆಯ ಒಂದು ಬದಿಯಲ್ಲಿ ಭಜನಾ ಮೇಳ ಪೇಟಿ, ಡಗ್ಗಾ, ತಾಳ ಇಟ್ಟುಕೊಂಡು ಕುಳಿತಿದ್ದರೆ, ಇನ್ನೊಂದು ಬದಿಯಲ್ಲಿ ರಾತ್ರಿಯ ರಸಮಂಜರಿಗಾಗಿ ಡ್ರಮ್ ಜೋಡಿಸುತ್ತಿರುತ್ತಾರೆ. ಎಂಟು ಜನರ ಮೇಳಕ್ಕೆ ಎರಡು ಮೈಕು. ಎರಡನೇ ಪದ ಮುಗಿಯುವಷ್ಟರಲ್ಲಿ ‘ಟೈಮ್ ಆಯ್ತು’ ಎಂಬ ಚೀಟಿ.

ರಾತ್ರಿ ಒಂಬತ್ತಕ್ಕೆ ಅದೇ ಮೈದಾನ ತುಂಬಿ ತುಳುಕುತ್ತದೆ. ಮರುದಿನ ಎರಡು ಫೋಟೊಗಳನ್ನು ಪಕ್ಕಪಕ್ಕ ಇಟ್ಟು ನೋಡುವವರಿಗೆ, ಸ್ಥಳೀಯರನ್ನು ಕೇಳುವವರಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮುಂದಿನ ವರ್ಷದ ಸಭೆಯಲ್ಲಿ ಅದೇ ಆಧಾರದ ಮೇಲೆ ವೇಳೆ ಹಂಚಿಕೆಯಾಗುತ್ತದೆ. ವೇಳೆ ಸಿಗದ್ದಕ್ಕೆ ಜನ ಬರಲಿಲ್ಲ, ಜನ ಬರದ್ದಕ್ಕೆ ವೇಳೆ ಸಿಗಲಿಲ್ಲ. ಕೊಲಂಬಿಯಾದ ಪ್ರಯೋಗದಲ್ಲಿ ಡೌನ್‌ಲೋಡ್ ಸಂಖ್ಯೆ ಮಾಡಿದ ಕೆಲಸವನ್ನು ಇಲ್ಲಿ ಖಾಲಿ ಕುರ್ಚಿಗಳು ಮಾಡುತ್ತವೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಟಿಕೆಟ್ ಇಟ್ಟು ನಡೆಸುವ ಕಾರ್ಯಕ್ರಮದಲ್ಲಿ ಹೆಸರಿಗೆ ಬೆಲೆ ಕೊಡುವವರು ಅಭಿಮಾನಿಗಳು, ಅದು ಅವರ ಇಷ್ಟ. ಸರ್ಕಾರಿ ಉತ್ಸವಕ್ಕೆ ಪ್ರವೇಶ ಉಚಿತ, ದುಡ್ಡು ಸಾರ್ವಜನಿಕರದ್ದು. ಮಾರುಕಟ್ಟೆ ಈಗಾಗಲೇ ಕೈತುಂಬ ಕೊಟ್ಟವರಿಗೆ ಖಜಾನೆಯೂ ಅದೇ ದರದಲ್ಲಿ ಕೊಟ್ಟರೆ, ಮಾರುಕಟ್ಟೆ ಕೈಬಿಟ್ಟವರಿಗೆ ಕೊಡುವವರು ಯಾರು? ಉತ್ಸವದ ಯಶಸ್ಸನ್ನು ಜನಸಂದಣಿಯಿಂದಲೇ ಅಳೆಯುವ ತನಕ ಯಾವ ಅಧಿಕಾರಿಯೂ ಬೇರೆ ದಾರಿ ಹಿಡಿಯುವ ಸಾಹಸ ಮಾಡುವುದಿಲ್ಲ. ತಪ್ಪು ಅವರದ್ದೊಬ್ಬರದ್ದೇ ಅಲ್ಲ.

ಹಿಂದೆ ಅಳೆಯುತ್ತಿದ್ದುದು ಹೇಗೆ

ಈ ಭಾಗದ ಹಾಡುಗಾರಿಕೆಗೆ ತನ್ನದೇ ಅಳತೆಗೋಲುಗಳಿದ್ದವು. ಗೀಗಿ, ಲಾವಣಿಯ ಹರದೇಶಿ–ನಾಗೇಶಿ ಮೇಳಗಳು ಎದುರುಬದುರು ಕುಳಿತರೆ ರಾತ್ರಿಯಿಡೀ ಸವಾಲ್–ಜವಾಬ್. ಒಬ್ಬರು ಹಾಡಿನಲ್ಲೇ ಪ್ರಶ್ನೆ ಎಸೆದರೆ ಇನ್ನೊಬ್ಬರು ಹಾಡಿನಲ್ಲೇ ಬಿಡಿಸಬೇಕು. ಪುರಾಣ ಗೊತ್ತಿರಬೇಕು, ಮಟ್ಟು ತಪ್ಪಬಾರದು, ಮಾತು ತಡವರಿಸಬಾರದು. ಉತ್ತರ ಹೊಳೆಯದಿದ್ದರೆ ಜನರ ನಗು ಅಲ್ಲಿಯೇ, ಆಗಲೇ. ಮೊಹರಂನ ರಿವಾಯತ್ ಪದಗಳಲ್ಲೂ ಊರು ಊರಿನ ಮೇಳಗಳ ನಡುವೆ ಇಂಥದೇ ಜಿದ್ದು ನಡೆಯುತ್ತದೆ. ಅಲ್ಲಿ ಹೆಸರು ಬರುತ್ತಿದ್ದುದು ಪರೀಕ್ಷೆಯನ್ನು ಕಣ್ಣಾರೆ ಕಂಡವರಿಂದ. ಹತ್ತಿಪ್ಪತ್ತು ಹಳ್ಳಿಗಳ ಆಚೆಗೆ ಆ ಹೆಸರು ಹೋಗುತ್ತಿರಲಿಲ್ಲ, ಆದರೆ ಹೋದಷ್ಟು ದೂರ ಗಟ್ಟಿಯಾಗಿರುತ್ತಿತ್ತು.

ತತ್ವಪದದ್ದು ಇನ್ನೂ ವಿಚಿತ್ರ. ಕಡಕೋಳ ಮಡಿವಾಳಪ್ಪನವರ ಪದಗಳು ಕಲಬುರಗಿ, ಯಾದಗಿರಿಯ ಹಳ್ಳಿಗಳಲ್ಲಿ ಇಂದಿಗೂ ಅಮಾವಾಸ್ಯೆಯ ಭಜನೆಯಲ್ಲಿ ಕೇಳುತ್ತವೆ. ಪದದ ಕೊನೆಗೆ ಬರುವ ಅಂಕಿತ ಪದ ಕಟ್ಟಿದವರದ್ದು. ಬಾಯಿಂದ ಬಾಯಿಗೆ ಅದನ್ನು ದಾಟಿಸಿದ ನೂರಾರು ಗಾಯಕರ ಹೆಸರು ಎಲ್ಲಿಯೂ ಇಲ್ಲ. ಹಾಡುವವರಿಗೆ ಪ್ರಸಿದ್ಧಿ ಬೇಕು ಎಂಬ ಕಲ್ಪನೆಯೇ ಆ ಪರಂಪರೆಯಲ್ಲಿ ಇರಲಿಲ್ಲ. ಆಹ್ವಾನ ಪತ್ರಿಕೆಯಲ್ಲಿ ಭಾವಚಿತ್ರ ಹಾಕಿಸಿಕೊಳ್ಳಬೇಕಾದ ವೇದಿಕೆಗೆ ಅವರನ್ನು ತಂದು ನಿಲ್ಲಿಸಿದಾಗ ಪೈಪೋಟಿ ಮೊದಲೇ ಓರೆಯಾಗಿರುತ್ತದೆ.

ಸರ್ಕಾರವೂ ಒಂದು ಕಾಲಕ್ಕೆ ಪ್ರತಿಭೆಯನ್ನು ಅಳೆಯಲು ಹೊರಟಿತ್ತು. ಆಕಾಶವಾಣಿಯ ಧ್ವನಿಪರೀಕ್ಷೆಯಲ್ಲಿ ಹಾಡುವವರು ಯಾರೆಂದು ಪರೀಕ್ಷಕರಿಗೆ ತಿಳಿಯದಂತೆ ಕೇಳಿಸಿ, ‘ಬಿ’, ‘ಬಿ ಹೈ’, ‘ಎ’, ‘ಟಾಪ್’ ಎಂದು ದರ್ಜೆ ಕೊಡುವ ಪದ್ಧತಿ ಬಂತು. ದರ್ಜೆಗೆ ತಕ್ಕ ಸಂಭಾವನೆ. 1966ರಲ್ಲಿ ಶುರುವಾದ ಕಲಬುರಗಿ ಆಕಾಶವಾಣಿಯಿಂದ ದರ್ಜೆ ಪಡೆದವರು ಇಂದಿಗೂ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದು ಅದಕ್ಕೇ. ಮುಖ ನೋಡಿ ಕೊಟ್ಟದ್ದಲ್ಲ ಅದು.

ಆದರೆ ಇದೇ ಆಕಾಶವಾಣಿಯ ಇನ್ನೊಂದು ಕಥೆ ಎಚ್ಚರಿಕೆಯದ್ದು. 1952ರಲ್ಲಿ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಅಗ್ಗದ್ದೆನಿಸಿತು. ಆಕಾಶವಾಣಿಯಲ್ಲಿ ಅದಕ್ಕೆ ಜಾಗವಿಲ್ಲದಂತಾಗಿ, ಶಾಸ್ತ್ರೀಯ ಸಂಗೀತಕ್ಕೆ ಒತ್ತು ಸಿಕ್ಕಿತು. ಜನ ಶಾಸ್ತ್ರೀಯ ಸಂಗೀತಕ್ಕೆ ಒಲಿಯಲಿಲ್ಲ, ರೇಡಿಯೊದ ಮುಳ್ಳನ್ನು ಶ್ರೀಲಂಕಾದ ರೇಡಿಯೊ ಸಿಲೋನ್‌ಗೆ ತಿರುಗಿಸಿದರು. ವಾರವಾರ ಹಾಡುಗಳಿಗೆ ಶ್ರೇಯಾಂಕ ಕೊಡುವ ಅಮೀನ್ ಸಯಾನಿಯವರ ಕಾರ್ಯಕ್ರಮ ಅಲ್ಲಿಂದಲೇ ಮನೆಮಾತಾಯಿತು. ಕೊನೆಗೆ 1957ರ ಅಕ್ಟೋಬರ್‌ನಲ್ಲಿ ವಿವಿಧ ಭಾರತಿ ಆರಂಭಿಸಿ ಸರ್ಕಾರವೇ ಸಿನಿಮಾ ಹಾಡು ಹಾಕಬೇಕಾಯಿತು. ಉತ್ಸವದಿಂದ ಸಿನಿಮಾದವರನ್ನು ಪೂರ್ತಿ ಕೈಬಿಡಿ ಎನ್ನುವವರು ಇದನ್ನು ಮರೆಯಬಾರದು. ಜನರ ಇಷ್ಟದ ಹಾಡನ್ನು ತೆಗೆದರೆ ಜನ ಉಳಿದ ಹಾಡಿಗೆ ಬರುವುದಿಲ್ಲ, ಮೈದಾನಕ್ಕೇ ಬರುವುದಿಲ್ಲ.

ಹೆಸರು ತಡವಾಗಿ ಬಂದದ್ದಕ್ಕೆ ಕನ್ನಡಿಗರಿಗೆ ಗೊತ್ತಿರುವ ಉದಾಹರಣೆ ಮಲ್ಲಿಕಾರ್ಜುನ ಮನ್ಸೂರ. ಹುಟ್ಟಿದ್ದು 1910ರಲ್ಲಿ. 1930ರ ದಶಕದಲ್ಲೇ ಅವರ ಗ್ರಾಮಫೋನ್ ತಟ್ಟೆಗಳು ಬಂದಿದ್ದವು. ಪದ್ಮಶ್ರೀ 1970ರಲ್ಲಿ, ಪದ್ಮಭೂಷಣ 1976ರಲ್ಲಿ, ಪದ್ಮವಿಭೂಷಣ ತೀರಿಕೊಂಡ ವರ್ಷವಾದ 1992ರಲ್ಲಿ. ಅರವತ್ತು ದಾಟುವ ತನಕ ದೇಶದ ದೊಡ್ಡ ಸಭೆಗಳು ಅವರನ್ನು ಅಷ್ಟಾಗಿ ಕಂಡಿರಲಿಲ್ಲ. ಗಾಯನ ಅಷ್ಟು ಹೊತ್ತಿಗೆ ಮಾಗಿತ್ತು ನಿಜ, ಆದರೆ ನಲವತ್ತು ವರ್ಷ ಅದು ಇರಲೇ ಇಲ್ಲ ಎನ್ನಲಾದೀತೆ?

ಯೂಟ್ಯೂಬ್ ಯಾರಿಗೆ ಬಾಗಿಲು ತೆಗೆಯಿತು

ಯೂಟ್ಯೂಬ್ ಬಂದ ಮೇಲೆ ಬೆಂಗಳೂರಿನ ಆಡಿಯೊ ಕಂಪನಿಯ ಮುಂದೆ ಕಾಯುವ ಅಗತ್ಯ ತಪ್ಪಿತು. ಇದು ದೊಡ್ಡ ಬದಲಾವಣೆ, ಇದನ್ನು ಹೀಗಳೆಯುವುದರಲ್ಲಿ ಅರ್ಥವಿಲ್ಲ. ನಮ್ಮ ಆಡುಮಾತಿಗೆ, ನಮ್ಮ ಹೊಲಮನೆಯ ವಿಷಯಕ್ಕೆ ಸಿನಿಮಾ ಹಾಡಿನಲ್ಲಿ ಸಿಗದ ಜಾಗ ಅಲ್ಲಿ ಸಿಕ್ಕಿತು. ಟಿವಿಯೂ ಕೆಲವರಿಗೆ ಇಂಥದೇ ದಾರಿಯಾಗಿದೆ. ಕುರಿ ಕಾಯುತ್ತಿದ್ದ ಹಾವೇರಿ ಜಿಲ್ಲೆಯ ಹನುಮಂತ ಲಮಾಣಿ ಹಾಡಿನ ಸ್ಪರ್ಧೆಯಿಂದ ಪರಿಚಿತರಾಗಿ, 2025ರ ಜನವರಿಯಲ್ಲಿ ಬಿಗ್ ಬಾಸ್ ಕನ್ನಡದ 11ನೇ ಆವೃತ್ತಿ ಗೆದ್ದರು. ಎರಡನೆಯದರಲ್ಲಿ ಅವರು ಗೆದ್ದದ್ದು ಗಾಯನದ ಪರೀಕ್ಷೆಯಲ್ಲ. ಹಾಡಿನಿಂದ ಬಂದ ಹೆಸರು ಹಾಡಿನ ಹಂಗು ಬಿಟ್ಟು ಬೆಳೆಯಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಆದರೆ ಹಳೆಯ ದ್ವಾರಪಾಲಕನ ಜಾಗದಲ್ಲಿ ಈಗ ಸಂಖ್ಯೆ ನಿಂತಿದೆ. ಯೂಟ್ಯೂಬ್ ಜಾಹೀರಾತಿನ ಪಾಲು ಬರಬೇಕಾದರೆ ಚಾನೆಲ್‌ಗೆ 1,000 ಸಬ್‌ಸ್ಕ್ರೈಬರ್ ಇರಬೇಕು, ಜೊತೆಗೆ 12 ತಿಂಗಳಲ್ಲಿ ಜನ 4,000 ತಾಸು ನೋಡಿರಬೇಕು, ಇಲ್ಲವೇ 90 ದಿನಗಳಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್ ಬಂದಿರಬೇಕು. ಸ್ಪಾಟಿಫೈನಲ್ಲಿ 2024ರಿಂದ, ವರ್ಷಕ್ಕೆ 1,000 ಸಲ ಕೇಳಿಸಿಕೊಳ್ಳದ ಹಾಡಿನ ಧ್ವನಿಮುದ್ರಣಕ್ಕೆ ರಾಯಧನವೇ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ವ್ಯೂಸ್ ಸಂಖ್ಯೆ ಹಾಡಿನ ಕೆಳಗೇ ಕಾಣುತ್ತದೆ. ಕೇಳುವವರು ಹಾಡು ಶುರುವಾಗುವ ಮೊದಲೇ ಅದನ್ನು ಓದಿಬಿಟ್ಟಿರುತ್ತಾರೆ.

ಸಂಖ್ಯೆಯನ್ನೇ ಕೊಂಡುಕೊಂಡರೆ? ಸಾಲ್ಗನಿಕ್ ಮತ್ತು ವಾಟ್ಸ್ 2008ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ ಜನಪ್ರಿಯತೆಯ ಪಟ್ಟಿಯನ್ನು ಬೇಕೆಂದೇ ತಲೆಕೆಳಗು ಮಾಡಿ ತೋರಿಸಿದ್ದರು. ಕೆಳಗಿನ ಹಾಡುಗಳು ಸುಳ್ಳು ಸಂಖ್ಯೆಯ ಬಲದಿಂದ ಮೇಲೇರಿದವು, ಬಹಳ ಒಳ್ಳೆಯ ಕೆಲವು ಹಾಡುಗಳು ಮಾತ್ರ ನಿಧಾನವಾಗಿ ತಮ್ಮ ಜಾಗಕ್ಕೆ ಮರಳಿದವು. ಜೊತೆಗೆ ಒಟ್ಟಾರೆ ಡೌನ್‌ಲೋಡ್‌ಗಳೇ ಇಳಿದವು. ಮೇಲೆ ಇಟ್ಟದ್ದು ರುಚಿಸದಿದ್ದಾಗ ಜನ ಹುಡುಕುವುದನ್ನೇ ಕಡಿಮೆ ಮಾಡಿದರು. ವ್ಯೂಸ್ ಕೊಂಡವರು ಪಕ್ಕದವರ ಕೇಳುಗರನ್ನೂ ಕಳೆಯುತ್ತಾರೆ ಎಂದಾಯಿತು.

ಮುಂದೆ ಏನಾಗಬಹುದು

ಸ್ಥಿತಿ ಹೀಗೇ ಮುಂದುವರಿದರೆ ಮೊದಲು ಬದಲಾಗುವುದು ಹಾಡಿನ ಆಕಾರ. ರೀಲ್ಸ್‌ಗೆ ಬೇಕಾದದ್ದು ಹದಿನೈದು ಸೆಕೆಂಡಿನ ಒಂದು ಸಾಲು. ನಿಧಾನವಾಗಿ ಬಿಚ್ಚಿಕೊಳ್ಳುವ ತತ್ವಪದ ಅದಕ್ಕೆ ಒಗ್ಗುವುದಿಲ್ಲ. ಆದ್ದರಿಂದ ಅದರ ಪಲ್ಲವಿಯನ್ನಷ್ಟೇ ಕತ್ತರಿಸಿ ಡಿಜೆ ಬೀಟಿಗೆ ಕೂರಿಸಿದ ರೂಪಗಳು ಹೆಚ್ಚುತ್ತವೆ. ಎರಡನೆಯದು ಕಲಿಯುವವರ ವೇಳೆ. ಮಟ್ಟು ಕಲಿಯಲು ವರ್ಷ ಹಿಡಿಯುವ ಕಡೆ ವಾರಕ್ಕೊಂದು ಹಾಡು ಹಾಕಿದವರು ಮುಂದೆ ಹೋಗುವುದಾದರೆ, ಹುಡುಗರು ಯಾವುದನ್ನು ಆರಿಸುತ್ತಾರೆಂಬುದರಲ್ಲಿ ಆಶ್ಚರ್ಯವಿಲ್ಲ. ಜಿಲ್ಲೆ ಜಿಲ್ಲೆಗಳು ಒಬ್ಬರಿಗಿಂತ ಒಬ್ಬರು ದೊಡ್ಡ ಹೆಸರನ್ನು ತರಲು ಜಿದ್ದಿಗೆ ಬಿದ್ದರೆ ಸಂಭಾವನೆ ಏರುತ್ತಲೇ ಹೋಗುತ್ತದೆ, ಉಳಿದವರ ಪಾಲು ತನ್ನಷ್ಟಕ್ಕೆ ಕುಗ್ಗುತ್ತದೆ.

ತಡೆಯಲಾಗದ್ದೇನೂ ಅಲ್ಲ. ಜನ ತುಂಬಿದ ಮೇಲೆ, ಹೆಸರಾಂತ ಗಾಯಕರು ವೇದಿಕೆಗೆ ಬರುವ ಮುನ್ನ, ಒಂದೇ ಒಂದು ಸ್ಥಳೀಯ ಮೇಳಕ್ಕೆ ಅದೇ ಧ್ವನಿವ್ಯವಸ್ಥೆಯಲ್ಲಿ ಅರ್ಧ ತಾಸು ಕೊಟ್ಟರೆ ಹೆಚ್ಚಿನ ಖರ್ಚಿಲ್ಲ. ಮೆಚ್ಚುವುದು ಬಿಡುವುದು ಜನರಿಗೆ ಸೇರಿದ್ದು, ಆದರೆ ಕೇಳಿ ತೀರ್ಮಾನಿಸಿದಂತಾಗುತ್ತದೆ. ಆ ಒಂದು ಮೇಳವನ್ನು ಆರಿಸುವಾಗ ಶಿಫಾರಸು ಪತ್ರ ಬದಿಗಿಟ್ಟು, ಆಕಾಶವಾಣಿಯ ಹಾಗೆ ಹೆಸರು ಮರೆಸಿ ಕೇಳಬಹುದು. ಇದರಿಂದ ಕೆಲವು ಸ್ಥಳೀಯರಿಗೂ ಸಿಟ್ಟು ಬರುತ್ತದೆ, ಯಾಕೆಂದರೆ ಪಟ್ಟಿಯಿಂದ ಕೆಳಗಿಳಿಯುವವರಲ್ಲಿ ಅವರೂ ಇರುತ್ತಾರೆ.

ಯುವ ಗಾಯಕರ ಮಟ್ಟಿಗೆ ಪ್ರಶ್ನೆ ಬೇರೆ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ನಿವ್ವಳ ಆದಾಯದ ಶೇ 55ರಷ್ಟು ಪೂರ್ಣ ವಿಡಿಯೊಗಳಿಗೆ ಬರುತ್ತದೆ, ಆದರೆ ಬರುವುದು ಚಾನೆಲ್ ಯಾರ ಹೆಸರಿನಲ್ಲಿದೆಯೋ ಅವರ ಖಾತೆಗೆ. 2012ರ ಕೃತಿಸ್ವಾಮ್ಯ ತಿದ್ದುಪಡಿ ಗೀತರಚನೆಕಾರರಿಗೆ, ಸಂಯೋಜಕರಿಗೆ, ಹಾಡುವವರಿಗೆ ರಾಯಧನದ ಹಕ್ಕನ್ನು ಬಲಪಡಿಸಿತು. ಬರಹದಲ್ಲಿ ಏನೂ ಇಲ್ಲದೆ ಇಡಿಗಂಟು ಪಡೆದು ಬೇರೆಯವರ ಚಾನೆಲ್‌ಗೆ ಹಾಡಿ ಬಂದ ಹುಡುಗನಿಗೆ ಆ ಹಕ್ಕನ್ನು ಸಾಧಿಸುವುದು ಕಷ್ಟ. ಹಾಡು ಕೋಟಿ ದಾಟಿದಾಗ ಅವನ ಹೆಸರು ಎಲ್ಲ ಜಾತ್ರೆಗಳಲ್ಲಿ ಕೇಳುತ್ತದೆ, ದುಡ್ಡು ಸ್ಟುಡಿಯೊದವರ ಖಾತೆಯಲ್ಲಿರುತ್ತದೆ. ರೆಕಾರ್ಡಿಂಗ್‌ಗೆ ಹೋಗುವ ಮೊದಲು ಚಾನೆಲ್ ಯಾರದು, ಮುಂದಿನ ಆದಾಯದಲ್ಲಿ ಪಾಲು ಎಷ್ಟು ಎಂಬ ಎರಡು ಸಾಲನ್ನು ಬರೆಸಿಕೊಳ್ಳಲು ಕಂಠವೂ ಬೇಕಿಲ್ಲ, ಹೆಸರೂ ಬೇಕಿಲ್ಲ.